ಡಾಕ್ಟರ ಬೋಟು, ಕಾಕಾನ ತೆರಿ

ಲಕಮನಹಳ್ಳಿಯ ವರ್ಕ್‌ಶಾಪಿನಲ್ಲಿ ಇಷ್ಟು ವರ್ಷ ದುಡಿದವನು ನಗು ಹುಡುಕಿಕೊಂಡು ಬೇರೆಲ್ಲೂ ಹೋಗಬೇಕಾಗಿಲ್ಲ. ಅದು ತಾನಾಗಿಯೇ ಲಾರಿ ಹತ್ತಿಕೊಂಡು ಗೇಟಿಗೆ ಬಂದು ನಿಲ್ಲುತ್ತದೆ. ನಾನಲ್ಲಿ ಫಿಟ್ಟರ್ ಆಗಿದ್ದೆ. ನನಗೆ ಕೆಲಸ ಕಲಿಸಿದ ಹಿರಿಯ ಮಿಸ್ತ್ರಿಯವರನ್ನು ನಾವೆಲ್ಲ ಕಾಕಾ ಅನ್ನುತ್ತಿದ್ದೆವು. ತೊಂಬತ್ತರ ದಶಕವೆಲ್ಲ ಟ್ರ್ಯಾಕ್ಟರಿನ ಟ್ರೇಲರು, ಹಿಟ್ಟಿನ ಗಿರಣಿಯ ಸಾಮಾನು, ನೀರಿನ ಟ್ಯಾಂಕು ಮಾಡುವುದರಲ್ಲಿ ಕಳೆಯಿತು. ಅಂದರೆ, ನೀರು ಒಳಗಿರುವ ಸಾಮಾನು ಮಾಡಿ ನಮಗೆ ರೂಢಿಯಿತ್ತು. ನೀರು ಹೊರಗಿರುವ ಸಾಮಾನು ನಮ್ಮ ಕೈಗೆ ಬಂದದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ, ವಿದ್ಯಾನಗರದ ಹಲ್ಲಿನ ಡಾಕ್ಟರರಿಂದ.

ಕೇಬಲ್ ಟೀವಿಯಲ್ಲಿ ಅವರೊಂದು ಆಟ ನೋಡಿದ್ದರು. ಬೋಟಿನ ಹಿಂದೆ ಒಬ್ಬ ಹೆಣ್ಣುಮಗಳು ಹಲಗೆಯ ಮೇಲೆ ನಿಲ್ಲುತ್ತಾಳೆ. ಏಳುವ ತನಕ ಹಗ್ಗ ಹಿಡಿದಿರುತ್ತಾಳೆ, ಎದ್ದ ಮೇಲೆ ಹಗ್ಗವನ್ನು ಬೋಟಿನೊಳಗೆ ಎಸೆದುಬಿಡುತ್ತಾಳೆ. ಆಮೇಲೆ ಬೋಟು ಎಬ್ಬಿಸಿದ ತೆರೆಯೇ ಅವಳನ್ನು ಮುಂದೆ ದೂಡುತ್ತ ಹೋಗುತ್ತದೆ. ಡಾಕ್ಟರು ಅದನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟುಕೊಂಡು, ದವಾಖಾನೆಯ ಟೀವಿಗೆ ಹಾಕಿ ನಮಗೆ ತೋರಿಸಿದರು. ಗಲ್ಲ ಹಿಡಿದುಕೊಂಡು ಕುಳಿತ ಮೂವರು ಪೇಶಂಟರೂ ನೋಡಿದರು.

"ಕಾಕಾ, ಇಪ್ಪತ್ತು ವರ್ಷ ಆತು, ಮಂದೀ ಬಾಯಾಗ ಬಗ್ಗಿ ನೋಡೂದ ಆಗೇತಿ. ಐವತ್ತು ತುಂಬೂದರಾಗ ಒಮ್ಮೆ ಹಿಂಗ ನೆಟ್ಟಗ ನಿಲ್ಲಬೇಕ್ರಿ," ಅಂದರು ಡಾಕ್ಟರು.

ಕಾಕಾ ಕ್ಯಾಸೆಟ್ಟನ್ನು ನಾಲ್ಕು ಸಲ ಹಿಂದಕ್ಕೆ ತಿರುಗಿಸಿ ನೋಡಿದರು. ಹೆಣ್ಣುಮಗಳನ್ನಲ್ಲ, ಬೋಟನ್ನು.

"ಆಟ ಛಲೋ ಐತ್ರಿ. ಆದ್ರ ಆ ಬೋಟು ಒಂದ ಕಡೆ ವಾಲೇತಲ್ಲ, ಮೊದಲ ಅದನ್ನ ರಿಪೇರಿ ಮಾಡಿಸಬೇಕಿತ್ತು."

"ವಾಲಿದ್ದಕ್ಕ ತೆರಿ ಏಳತೈತ್ರಿ ಕಾಕಾ. ಬೇಕಂತ ವಾಲಿಸ್ಯಾರ."

ಕಾಕಾ ನನ್ನ ಕಡೆ ತಿರುಗಿದರು. "ಸೊಟ್ಟ ಇದ್ದದ್ದನ್ನ ನೆಟ್ಟಗ ಮಾಡಕೋತ ನಲವತ್ತು ವರ್ಷ ಆತಪಾ. ಇನ್ನ ನೆಟ್ಟಗಿದ್ದದ್ದನ್ನ ಸೊಟ್ಟ ಮಾಡೂಣು ನಡಿ."

ಒಳಗಿನ ನೀರು

ಕಾರವಾರದ ಕಡೆಯಿಂದ ಹಳೆಯ ಬೋಟೊಂದು ಬಂತು. ಎಂಜಿನ್ನು ಹೊಟ್ಟೆಯೊಳಗೆ, ನೀರು ಕಡೆಯುವ ಪಂಖ ತಳದಡಿಗೆ. ಹಿಂದೆ ನಿಂತವನ ಕಾಲಿಗೆ ಪಂಖ ತಾಗಬಾರದೆಂದು ಡಾಕ್ಟರು ಹುಡುಕಿ ಹುಡುಕಿ ಅಂಥದ್ದನ್ನೇ ತಂದಿದ್ದರು. ಅದು ಸೋರುತ್ತದೋ ಇಲ್ಲವೋ ನೋಡಬೇಕಿತ್ತು. ಕಾಕಾ ಟ್ಯಾಂಕಿನ ಲೆಕ್ಕವನ್ನೇ ಹಾಕಿದರು.

"ಒಳಗಿನ ನೀರು ಹೊರಗ ಬರಲಿಲ್ಲಂದ್ರ, ಹೊರಗಿನ ನೀರು ಒಳಗ ಹೆಂಗ ಹೋಗತೈತಿ?"

ಬೋಟನ್ನು ಕಟ್ಟಿಗೆಯ ದಿಮ್ಮಿಗಳ ಮೇಲೆ ಕೂಡಿಸಿ, ಎಂಜಿನ್ ಬಿಚ್ಚಿಟ್ಟು, ಒಳಗೆ ಮೊಣಕಾಲುದ್ದ ನೀರು ಬಿಟ್ಟೆವು. ಎರಡು ದಿನವಾದರೂ ಹನಿ ಜಿನುಗಲಿಲ್ಲ. ಕಾಕಾ ಗೆದ್ದ ಮುಖ ಮಾಡಿಕೊಂಡು ಓಡಾಡುತ್ತಿದ್ದರು. ಅಷ್ಟರಲ್ಲಿ ಡಾಕ್ಟರು ಪೂಜೆಗೆಂದು ತೆಂಗಿನಕಾಯಿ, ಊದಿನಕಡ್ಡಿ ಹಿಡಿದುಕೊಂಡು ಬಂದರು. ಬೋಟಿನೊಳಗೆ ಇಣುಕಿದರು. ಬಿಚ್ಚಿಟ್ಟ ಎಂಜಿನ್ ನೋಡಿದರು, ತುಂಬಿ ನಿಂತ ನೀರು ನೋಡಿದರು. ಕೈಯಲ್ಲಿದ್ದ ತೆಂಗಿನಕಾಯಿ ಮೆಲ್ಲಗೆ ಕೆಳಗಿಟ್ಟರು.

"ಕಾಕಾ, ಇನ್ನೂ ಕೆರಿ ಮಾರಿ ನೋಡಿಲ್ರಿ ಇದು. ಒಣಾ ನೆಲದ ಮ್ಯಾಲೆ ಹೆಂಗ ಮುಳುಗಿಸಿದ್ರಿ?"

ತುಂಬಿದ ಟ್ಯೂಬು

ಊರ ಹೊರಗಿನ ಕೆರೆಯೊಂದರಲ್ಲಿ ಬೋಟು ಓಡಿಸಲು ಒಂದು ಚಳಿಗಾಲದ ಮಟ್ಟಿಗೆ ಒಪ್ಪಿಗೆ ಸಿಕ್ಕಿತ್ತು. ಬೇಸಿಗೆ ಬಂದರೆ ನೀರು ಇಳಿಯುತ್ತದೆ, ಆಳವಿಲ್ಲದಿದ್ದರೆ ತೆರೆ ಏಳುವುದಿಲ್ಲ. ಹಾಗಾಗಿ ಏನಾದರೂ ಮಾಡುವುದಿದ್ದರೆ ಲಗೂ ಮಾಡಬೇಕಿತ್ತು. ಮೊದಲ ದಿನ ಎದ್ದ ತೆರೆ, ಚಹಾದ ಬಟ್ಟಲಿನಲ್ಲಿ ಚಮಚ ಆಡಿಸಿದರೆ ಏಳುವಷ್ಟು. ಹಿಂದಿನ ಎಡ ಮೂಲೆಗೆ ಭಾರ ಹಾಕಬೇಕೆಂದು ಉಸುಕಿನ ಚೀಲ ಇಟ್ಟೆವು. ಚೀಲ ಒಡೆದು ಉಸುಕೆಲ್ಲ ಬೋಟಿನೊಳಗೆ ಬಂದ ನೀರನ್ನು ಹೊರಹಾಕುವ ಪಂಪಿನೊಳಗೆ ಸೇರಿತು. ಆಗ ಕಾಕಾ, "ಲಾರಿ ಟ್ಯೂಬಿನ್ಯಾಗ ನೀರು ತುಂಬೂಣು," ಅಂದರು.

ಗಬ್ಬೂರ ಬೈಪಾಸಿನ ಟೈರ್ ಅಂಗಡಿಗೆ ಫೋನ್ ಮಾಡಿದವನು ನಾನೇ. "ಲಾರಿ ಟ್ಯೂಬು ಆರು ಬೇಕ್ರಿ. ತುಂಬಿಸಿ ಕಳಿಸ್ರಿ," ಅಂದೆ. ಏನು ತುಂಬಿಸಬೇಕೆಂದು ಹೇಳಲಿಲ್ಲ, ಅವರೂ ಕೇಳಲಿಲ್ಲ. ಮಧ್ಯಾಹ್ನ ಟೆಂಪೋ ಬಂತು. ಹಗ್ಗ ಬಿಚ್ಚಿದ್ದೇ ತಡ, ಗಾಳಿ ತುಂಬಿ ಉಬ್ಬಿದ ಆರೂ ಟ್ಯೂಬು ಪುಟಿಯುತ್ತ ವರ್ಕ್‌ಶಾಪಿನ ಗೇಟು ದಾಟಿ ರಸ್ತೆಗಿಳಿದವು. ಅವನ್ನು ಹಿಡಿದು ತರುವುದರಲ್ಲಿ ನನಗೆ ಸಾಕುಸಾಕಾಯಿತು.

ಮತ್ತೆ ಫೋನ್ ಮಾಡಿ, "ಗಾಳಿ ಅಲ್ರಿ ಮಾಲಕ್ರ, ನೀರು ತುಂಬಬೇಕಿತ್ತು," ಅಂದೆ.

ಆ ಕಡೆಯಿಂದ ಮಾಲಕರು ಬಹಳ ಸಮಾಧಾನದಿಂದ ಹೇಳಿದರು: "ಪಂಕ್ಚರ್ ನೋಡಾಕ ಟ್ಯೂಬನ್ನ ನೀರಾಗ ಹಾಕೂದು ನಮಗ ಗೊತ್ತೈತ್ರಿ. ನೀರನ್ನ ಟ್ಯೂಬಿನ್ಯಾಗ ಹಾಕೂದು ನಮ್ಮಪ್ಪನೂ ಕಲಿಸಿಲ್ಲ."

ಬಳಗದ ತೂಕ

ನೀರು ತುಂಬಿದ ಟ್ಯೂಬುಗಳಿಂದ ತೆರೆ ಮೊಣಕಾಲಿನ ತನಕ ಬಂತು. ಡಾಕ್ಟರಿಗೆ ಸೊಂಟದ ತನಕ ಬೇಕಿತ್ತು. ಇನ್ನೂ ಮುನ್ನೂರು ಕಿಲೋ ಆದರೆ ಸಾಕೆಂದು ಕಾಕಾ ಅಂದಾಜು ಹೇಳಿದರು. ಡಾಕ್ಟರು ತಮ್ಮ ಬಳಗವನ್ನು ರವಿವಾರ ಬೋಟಿನಲ್ಲಿ ತಿರುಗಾಡಲು ಕರೆದರು. ಡಾಕ್ಟರ ಚಿಕ್ಕಪ್ಪನ ಹೆಂಡತಿ ಕಾಕಿ, ಅತ್ತಿ, ಅಣ್ಣಂದಿರ ಹೆಂಡಿರಾದ ಇಬ್ಬರು ವೈನಿಯವರು, ಒಬ್ಬ ಮಾವ. ಬುತ್ತಿಯ ಡಬ್ಬಿ ಸಮೇತ ಬಂದಿಳಿದರು. ಡಾಕ್ಟರು ಔಷಧ ಬರೆಯುವ ಚೀಟಿಯ ಮೇಲೆ ಒಬ್ಬೊಬ್ಬರ ತೂಕ ಕೇಳಿ ಬರೆದುಕೊಂಡರು. ಕೂಡಿಸಿದರೆ ಎರಡು ನೂರಾ ಎಪ್ಪತ್ತು.

"ಸ್ವಲ್ಪ ಕಡಿಮಿ ಬೀಳತೈತಿ. ನಡೀತೈತಿ," ಅಂದರು.

ಎಲ್ಲರಿಗೂ ತೇಲುವ ಜಾಕೀಟು ತೊಡಿಸಿ ಎಡಗಡೆ ಸಾಲಾಗಿ ಕೂಡಿಸಿದೆವು. ಕೊನೆಗೆ ಕಾಕಿ ಕುಳಿತರು. ಬೋಟು ಆ ಕಡೆಗೆ ಎಷ್ಟು ವಾಲಿತೆಂದರೆ, ಕೆರೆಯ ನೀರು ಅಂಚು ದಾಟಿ ಒಳಗೆ ಬಂದು ಅವರ ಸೀರೆಯ ನಿರಿಗೆ ತೋಯಿಸಿತು.

"ಎಲ್ಲಾರೂ ಬಲಕ್ಕ ಸರೀರಿ!" ಎಂದು ಕಾಕಾ ಕೂಗಿದರು. ಎಲ್ಲರೂ ಒಮ್ಮೆಲೇ ಎದ್ದು ಬಲಕ್ಕೆ ಹೋದರು. ನೀರು ಈಗ ಆ ಕಡೆಯಿಂದ ಬಂತು. ಬುತ್ತಿಯ ಡಬ್ಬಿಯೊಂದು ತೇಲುತ್ತ ಹೊರಟೇಬಿಟ್ಟಿತು. ದಂಡೆ ಹತ್ತಿರವೇ ಇದ್ದದ್ದಕ್ಕೆ ಬಚಾವಾದೆವು.

ಡಾಕ್ಟರು ತೊಯ್ದ ಚೀಟಿ ಬಿಡಿಸಿ ಮತ್ತೆ ನೋಡಿದರು. "ಕಾಕಿ, ಐವತ್ತೆರಡು ಕಿಲೋ ಅಂತ ಹೇಳಿದ್ಯಲ್ಲ?"

"ಹೌದಪಾ, ಖರೇನ ಹೇಳೇನಿ. ನನ್ನ ಮದಿವ್ಯಾಗ ಅಷ್ಟ ಇದ್ದೆ," ಅಂದರು ಕಾಕಿ, ಸೆರಗು ಹಿಂಡುತ್ತ. "ಅದಾದಮ್ಯಾಲೆ ಇವತ್ತಿನ ತನಕಾ ಯಾರರೆ ಕೇಳಿದ್ರೇನು?"

ದಂಡೆಯ ದವಾಖಾನೆ

ಬಳಗದ ಬದಲು ಇನ್ನಷ್ಟು ನೀರಿನ ಟ್ಯೂಬು ಇಟ್ಟ ಮೇಲೆ ತೆರೆ ಸೊಂಟದ ತನಕ ಎದ್ದರೂ ಅದರ ಮೈ ನುಣುಪಾಗಿರಲಿಲ್ಲ, ಬರೀ ನೊರೆ. ಎಡಕ್ಕೆ ಒಳ್ಳೆಯ ತೆರೆ ಬೇಕಾದರೆ ಬಲಗಡೆಯ ಹಿಂದಿನ ಮೂಲೆಗೆ ಒಂದು ತಗಡು ಅಡ್ಡ ಕೊಟ್ಟು ನೀರನ್ನು ತಡೆಯಬೇಕೆಂದು ಕಾಕಾನೇ ಯೋಚಿಸಿ ಕಂಡುಕೊಂಡರು. ಗಟ್ಟಿ ತಗಡು ಬೇಕೆಂದಾಗ ಡಾಕ್ಟರು ತಮ್ಮ ದವಾಖಾನೆಯ ಹಳೆಯ ಬೋರ್ಡು ತಂದುಕೊಟ್ಟರು. ಅದರ ಮೇಲೆ "ಹಲ್ಲಿನ ದವಾಖಾನೆ" ಎಂಬ ಅಕ್ಷರ, ಕೆಳಗೊಂದು ದೊಡ್ಡ ಬಾಣದ ಗುರುತು. ಬಳುಕದಂತೆ ಹಿಂದೊಂದು ಪಟ್ಟಿ ಬೆಸೆದು ಬೋಟಿಗೆ ಬಿಗಿದೆವು. ತೆರೆ ಗಾಜಿನಂತೆ ನುಣುಪಾಗಿ ಎದ್ದಿತು. ನಾವು ಕುಣಿದಾಡಿದೆವು. ಮರುವಾರ ಬೋಲ್ಟು ಸಡಿಲಾಗಿ ಬೋರ್ಡು ನೀರು ಪಾಲಾಯಿತು, ಅದರ ಜಾಗಕ್ಕೆ ಬೇರೆ ತಗಡು ಬಿಗಿದೆವು.

ಆ ಬೋರ್ಡು ನಮಗೆ ತಿಳಿಯದೆಯೇ ಮೀನು ಹಿಡಿಯುವವರ ಬಲೆಗೆ ಸಿಕ್ಕಿದೆ. ಒಳ್ಳೆಯ ಮನುಷ್ಯರು, ಯಾರದೋ ಬೋರ್ಡು ಎಂದು ಕೆರೆಗೆ ಬರುವ ದಾರಿಯ ಬೇವಿನ ಗಿಡಕ್ಕೆ ಕಟ್ಟಿದ್ದಾರೆ. ಬಾಣ ನೇರ ಕೆರೆಯ ಕಡೆಗೆ.

ಮುಂದಿನ ರವಿವಾರ ನಾವು ಹೋದಾಗ ದಂಡೆಯ ಮೇಲೆ ಒಬ್ಬ ರೈತರು ಗಲ್ಲಕ್ಕೆ ಟವೆಲ್ ಕಟ್ಟಿಕೊಂಡು ಕುಳಿತಿದ್ದರು. ಮೀನಿಗೆ ಬಂದವರಿರಬೇಕು ಎಂದು ನಾವು ಅಂದುಕೊಂಡೆವು. ಡಾಕ್ಟರು ನೀರಿಗಿಳಿದರು, ಹಲಗೆಯ ಮೇಲೆ ಅರ್ಧ ಎದ್ದರು, ಬಿದ್ದರು, ಮೂಗಿನಲ್ಲಿ ಬಾಯಲ್ಲಿ ನೀರು ಹೊಕ್ಕು ಕೆಮ್ಮುತ್ತ ದಂಡೆಗೆ ಬಂದರು. ರೈತರು ಎದ್ದು ನಿಂತು ಕೇಳಿದರು.

"ಹಲ್ಲಿನ ಡಾಕ್ಟರು ಯಾವಾಗ ಬರತಾರ್ರಿ?"

"ನಾನ ರೀ," ಅಂದರು ಡಾಕ್ಟರು, ಚಡ್ಡಿಯಿಂದ ನೀರು ಸುರಿಸುತ್ತ, ಮತ್ತೆ ಕೆಮ್ಮುತ್ತ. "ತಗೀರಿ ಬಾಯಿ, ನೋಡೂಣು."

ರೈತರು ಅವರನ್ನು ಮೇಲಿಂದ ಕೆಳಗಿನ ತನಕ ನೋಡಿ ಟವೆಲ್ ಬಿಗಿ ಮಾಡಿಕೊಂಡರು. "ಇರಲಿ ಬಿಡ್ರಿ. ನೀವು ಆರಾಮಾದಮ್ಯಾಲೆ ಬರತೇನಿ."

ಹೆಬ್ಬೆರಳು

ಎಂಜಿನ್ನಿನ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ. ಅದಕ್ಕೆ ಒಂದು ಸನ್ನೆ ಇಟ್ಟುಕೊಂಡೆವು. ಹೆಬ್ಬೆರಳು ಮೇಲೆ ಮಾಡಿದರೆ ವೇಗ ಹೆಚ್ಚು, ಕೆಳಗೆ ಮಾಡಿದರೆ ಕಡಿಮೆ. ನಾನು ಹಿಂದೆ ಮುಖ ಮಾಡಿ ಕುಳಿತು ನೋಡಿ ಹೇಳಬೇಕು, ಕಾಕಾ ಓಡಿಸಬೇಕು. ಸೈಕಲ್ ಜೋರಾಗಿ ತುಳಿದಷ್ಟೇ ವೇಗ ಸಾಕು. ಅದಕ್ಕಿಂತ ಜೋರು ಹೋದರೆ ತೆರೆ ಚಪ್ಪಟೆಯಾಗಿ ಹಲಗೆ ಹಿಂದುಳಿಯುತ್ತದೆ.

ಒಂದು ದಿನ ಡಾಕ್ಟರು ಎದ್ದರು. ಹಗ್ಗ ಕೈಯಲ್ಲಿತ್ತು, ಆದರೆ ನೆಟ್ಟಗೆ ಎದ್ದು ನಿಂತಿದ್ದರು. ಮುಖವೆಲ್ಲ ನಗು. ಆ ಖುಷಿಯಲ್ಲಿ ಹೆಬ್ಬೆರಳು ಮೇಲೆ ಮಾಡಿ ತೋರಿಸಿದರು. ನಾನು ಹೇಳಿದೆ, ಕಾಕಾ ವೇಗ ಹೆಚ್ಚಿಸಿದರು, ಡಾಕ್ಟರು ಕವುಚಿಬಿದ್ದರು. ಮೂರು ಸಲ ಎದ್ದರು, ಮೂರು ಸಲ ಖುಷಿಪಟ್ಟರು, ಮೂರು ಸಲ ಬಿದ್ದರು. ಕೊನೆಗೆ ಬೋಟಿನ ಅಂಚು ಹಿಡಿದುಕೊಂಡು ಏದುಸಿರು ಬಿಡುತ್ತಿದ್ದ ಅವರಿಗೆ ಕಾಕಾ ಕೈ ಮುಗಿದರು.

"ಡಾಕ್ಟರ ಸಾಹೇಬ್ರ, ಇನ್ನ ಮ್ಯಾಲೆ ಸಂತೋಷ ಆತಂದ್ರ ಮನಸಿನ್ಯಾಗ ಇಟಗೋರಿ."

ಹಗ್ಗ

ಕಾಕಾ ಈಗಿಲ್ಲ. ಬೋಟೂ ಆಮೇಲೆ, ಬಂದ ದಾರಿಯಲ್ಲೇ, ಕಾರವಾರಕ್ಕೆ ವಾಪಸು ಹೋಯಿತು. ಆದರೆ ಆ ಚಳಿಗಾಲದ ಕೊನೆಯ ರವಿವಾರ ನೆನಪಾದರೆ ಇವತ್ತಿಗೂ ಊಟದ ನಡುವೆ ಒಬ್ಬನೇ ನಗುತ್ತೇನೆ. ತುತ್ತು ಗಂಟಲಿಗೆ ಸಿಕ್ಕಿತೆಂದು ಮನೆಯವರು ನೀರಿನ ತಂಬಿಗೆ ಮುಂದೆ ಸರಿಸುತ್ತಾರೆ.

ಡಾಕ್ಟರ ತಾಯಿಗೆ ಎಪ್ಪತ್ತು ದಾಟಿತ್ತು. ನಾವು ಆಯಿ ಅನ್ನುತ್ತಿದ್ದೆವು. ಆಯಿಯ ತಮ್ಮ ಹದಿನಾರನೇ ವಯಸ್ಸಿಗೆ ಬಾವಿಯಲ್ಲಿ ಮುಳುಗಿ ಹೋಗಿದ್ದ. ಅಂದಿನಿಂದ ಅವರಿಗೆ ನೀರೆಂದರೆ ಜೀವ ಹೋದಷ್ಟು ಹೆದರಿಕೆ. ಮಗನನ್ನು ಕೆರೆ ಬಾವಿಯ ಕಡೆ ಸುಳಿಯಗೊಟ್ಟಿರಲಿಲ್ಲ. ಡಾಕ್ಟರು ಈಜು ಕಲಿತದ್ದೇ ಮೂವತ್ತು ದಾಟಿದ ಮೇಲೆ, ಅದೂ ಮನೆಯಲ್ಲಿ ಹೇಳದೆ. ಬೋಟಿನ ಸುದ್ದಿ ಹೇಗೋ ಆಯಿಯ ಕಿವಿಗೆ ಬಿದ್ದು, ಹಿಂದಿನ ವಾರ ಅವರು ರಿಕ್ಷಾ ಮಾಡಿಕೊಂಡು ದಂಡೆಗೆ ಬಂದೇಬಿಟ್ಟಿದ್ದರು. ಡಾಕ್ಟರು ತೆರೆಯ ಮೇಲೆ ನಿಂತು ಮೊದಲ ಸಲ ಹಗ್ಗ ಬಿಟ್ಟದ್ದು ಅದೇ ಗಳಿಗೆಯಲ್ಲಿ.

"ಹಗ್ಗ ಬಿಟ್ಟಾ! ನಿಲ್ಲಸ್ರೋ! ನನ್ನ ಮಗಾ ಹಗ್ಗ ಬಿಟ್ಟಾ!"

ಆ ದನಿಗೆ ಕಾಕಾನ ಕೈ ತಾನಾಗಿಯೇ ಎಂಜಿನ್ ಬಂದ್ ಮಾಡಿತು. ತೆರೆ ಹೋಯಿತು, ಡಾಕ್ಟರು ಮುಳುಗಿದರು.

ಈಗ ನೀರು ಇಳಿಯುತ್ತ ಬಂದಿತ್ತು. ಉಳಿದದ್ದು ಈ ಒಂದೇ ರವಿವಾರ. ಹಗ್ಗ ಬಿಟ್ಟು ನಿಲ್ಲುವುದೇ ಈ ಆಟವೆಂದು ಡಾಕ್ಟರು ತಾಯಿಗೆ ಮನೆಯಲ್ಲಿ ಎಷ್ಟು ತಿಳಿಸಿ ಹೇಳಿದರೂ ಅವರು ಕೇಳಿರಲಿಲ್ಲ. ಕೊನೆಗೆ ಒಂದು ಕರಾರು ಹಾಕಿದ್ದರು. "ಬೋಟಿನ್ಯಾಗ ನಾನೂ ಕುಂಡ್ರತೇನಿ. ಹಗ್ಗ ನನ್ನ ಕೈಯಾಗ ಇರಬೇಕು."

ನೀರನ್ನು ಕಂಡರೆ ಬೆವರುವ ಮುದುಕಿ ನನ್ನ ಭುಜ ಹಿಡಿದು ಬೋಟು ಹತ್ತಿದರು. ನಾನು ತೊಡಿಸಿದ ಜಾಕೀಟಿನ ಪಟ್ಟಿಯನ್ನು ತಾವೇ ಇನ್ನೊಮ್ಮೆ ಬಿಗಿದುಕೊಂಡರು. ಹಿಂದಿನ ಎಡ ಮೂಲೆಯಲ್ಲಿ ಕುಳಿತರು. ಹಗ್ಗದ ಒಂದು ತುದಿ ಬೋಟಿಗೆ, ಇನ್ನೊಂದು ತುದಿಯ ಹಿಡಿಕೆ ನೀರಿನಲ್ಲಿದ್ದ ಮಗನ ಕೈಗೆ. ನಡುವಿನ ಹಗ್ಗವನ್ನು ಆಯಿ ಎರಡೂ ಮುಷ್ಟಿಯಲ್ಲಿ ಹಿಡಿದು, ಕಣ್ಣು ಮುಚ್ಚಿ, ದೇವರ ನಾಮ ಶುರು ಮಾಡಿದರು. ಕಾಕಾ ಬೋಟು ಬಿಟ್ಟರು.

ಡಾಕ್ಟರು ಎದ್ದರು. ತೆರೆ ಸೊಂಟದೆತ್ತರ, ನುಣುಪಾಗಿ ಎದ್ದು ಅವರನ್ನು ದೂಡುತ್ತಿತ್ತು. ಒಮ್ಮೆ ತಾಯಿಯ ಕಡೆ ನೋಡಿ ಹಿಡಿಕೆಯನ್ನು ಬೋಟಿನೊಳಗೆ ಎಸೆದರು. ಅದು ನನ್ನ ಕಾಲ ಹತ್ತಿರ ಬಿತ್ತು. ಹಗ್ಗ ಸಡಿಲಾದದ್ದು ಆಯಿಗೆ ತಿಳಿದರೆ ಕಥೆ ಮುಗಿಯಿತು. ನಾನು ಸಡಿಲಾದ ಹಗ್ಗವನ್ನು ಸರಸರನೆ ಎಳೆದು ಪಾದದಡಿ ಒತ್ತಿ, ಬಿಗಿ ಮಾಡಿಕೊಂಡು ಕುಳಿತೆ. ಆಯಿ ಇನ್ನಷ್ಟು ಗಟ್ಟಿಯಾಗಿ ಹಿಡಿದರು. ಕಾಕಾ ಒಮ್ಮೆ ಹಿಂದೆ ನೋಡಿ, ಹಗ್ಗ ನೋಡಿ, ನನ್ನ ಕಾಲು ನೋಡಿ, ಹಲ್ಲು ಕಚ್ಚಿ ನಗು ತಡೆದುಕೊಂಡು ಮುಂದೆ ತಿರುಗಿದರು.

ಕೆರೆಯ ಈ ದಂಡೆಯಿಂದ ಆ ದಂಡೆಯ ತನಕ ಡಾಕ್ಟರು ನಿಂತೇ ಬಂದರು. ಎರಡೂ ಕೈ ಖಾಲಿ, ರೆಕ್ಕೆಯಂತೆ ಅಗಲ ಮಾಡಿದ್ದರು. ಆಳ ಮುಗಿಯುತ್ತ ಬಂದಾಗ ಕಾಕಾ ಮೆಲ್ಲಗೆ ವೇಗ ಇಳಿಸಿದರು. ಡಾಕ್ಟರು ನೀರಿಗಿಳಿದು, ಈಜಿ ಬಂದು ಬೋಟಿನ ಅಂಚು ಹಿಡಿದರು. ಕಣ್ಣಲ್ಲಿದ್ದದ್ದು ಬರೀ ಕೆರೆಯ ನೀರಾಗಿರಲಿಲ್ಲ.

"ಅವ್ವಾ, ನೋಡಿದ್ಯೇನ? ಹಗ್ಗ ಇಲ್ಲದ ನಿಂತೆ ನಾ!"

ಆಯಿ ಕಣ್ಣು ತೆರೆದು, ಮುಷ್ಟಿ ಬಿಚ್ಚಿ, ಹಗ್ಗ ಕೊರೆದು ಕೆಂಪಗಾದ ಎರಡೂ ಅಂಗೈ ಮಗನ ಮುಂದೆ ಹಿಡಿದರು.

"ಹಗ್ಗ ಇಲ್ಲದ ನಿಂತ್ಯಾ? ಹಂಗಾರ ಇಷ್ಟೊತ್ತನಕಾ ನಿನ್ನ ಹಿಡಕೊಂಡು ಕುಂತಾಕಿ ಯಾರೋ ತಮ್ಮಾ?"

ಡಾಕ್ಟರು ಆ ಅಂಗೈ ನೋಡಿದರು, ನನ್ನ ಪಾದ ನೋಡಿದರು. "ನೀನೇ ಅವ್ವಾ," ಅಂದರು.

"ಮತ್ತ!" ಅಂದರು ಆಯಿ, ಕೈ ಕೊಡವುತ್ತ. "ಇನ್ನೊಂದು ಸಲ ನಿಲ್ಲೂದಿದ್ರ ಮೊದಲ ಒಂದು ಮೆತ್ತನ್ನ ಹಗ್ಗಾ ತಗೊಂಡ ಬಾ. ನೀ ಬಾಳ ಭಾರ ಆಗೀ ಈಗ."