ದೇವರ ಜಗಲಿಯ ಮೇಲಿನ ಕಂಪನಿ

ನಮ್ಮ ಸೋದರಮಾವ ಒಂದು ಇಡೀ ವರ್ಷ ಮನುಷ್ಯನಾಗಿರಲಿಲ್ಲ, ಲಿಮಿಟೆಡ್ ಕಂಪನಿಯಾಗಿದ್ದ! ನಗಬೇಡಿ. ಅರವತ್ತರ ದಶಕದ ಸಿಂದಗಿಯಲ್ಲಿ ಅಂಥ ಎದೆಗಾರಿಕೆ ಇನ್ನಾರಿಗಿತ್ತು?

ಕುಸುಬಿ ಎಣ್ಣೆಯ ಗಿರಣಿ ಹಾಕುವುದೆಂದು ನಿಶ್ಚಯಿಸಿದ ದಿನದಿಂದ ಅವನ ಬಾಯಲ್ಲಿ 'ನಾನು' ಎಂಬ ಶಬ್ದವೇ ಬಂದ್. "ಕಂಪನಿಗೆ ಹಸಿವಾಗೈತಿ, ರೊಟ್ಟಿ ಹಾಕು" ಎನ್ನುತ್ತಿದ್ದ. ಅತ್ತೆ ಏನು ಕಡಿಮೆಯೆ? "ಕಂಪನಿ ಮೊದಲ ಕಾಲು ತೊಳಕೊಂಡು ಬರ್ಲಿ!"

ಸೊಲ್ಲಾಪುರದ ವ್ಯಾಪಾರಿಯಿಂದ ಎಂಜಿನ್ ಸಾಲದ ಮೇಲೆ ಉದ್ರಿ ತರುವಾಗ ಕಂಪನಿಯ ಹೆಸರಿನಲ್ಲಿ ನಮ್ಮಪ್ಪನಿಂದಲೂ ಸಹಿ ಹಾಕಿಸಿದ. ಅಪ್ಪ ಅಂಜುವ ಮನುಷ್ಯ. ಅಕ್ಕನ ಗಂಡನಿಗೆ ಮಾವ ಧೈರ್ಯ ಹೇಳಿದ:

"ಮುಳುಗಿದ್ರ ಕಂಪನಿ ಮುಳುಗತೈತಿ ಮಾಮಾ. ನಿಮ್ಮ ಮನಿ ಒಂದು ಕಲ್ಲೂ ಅಳ್ಳಾಡೂದಿಲ್ಲ."

ಎಂಥ ವಿದ್ಯೆ! ನಾವೆಲ್ಲ ಬಾಯಿ ತೆರೆದು ಕೇಳಿದೆವು.

ಒಂದೇ ಕೆಲಸ ಬಾಕಿ ಇತ್ತು. ವಕೀಲರು ಬರೆದುಕೊಟ್ಟ ಕಾಗದಗಳನ್ನು ನೋಂದಣಿಗೆ ಕಳಿಸಬೇಕು. ಶ್ರಾವಣ ಸೋಮವಾರ ಅವನ್ನು ಮೂರ್ತಿಗಳನ್ನಿಡುವ ಕಟ್ಟೆ, ದೇವರ ಜಗಲಿಯ ಮೇಲಿಟ್ಟು, ಕುಂಕುಮ ಹಚ್ಚಿ, ಕಾಯಿ ಒಡೆದು ಪೂಜೆ ಮಾಡಿದ. ಇನ್ನೇನು ಅಂಚೆಗೆ ಹಾಕಬೇಕು, ನಮ್ಮಜ್ಜಿ ಅಡ್ಡ ಬಂದಳು. "ಪೂಜಿ ಆದ ಲಕ್ಷ್ಮೀನ ಯಾರರೆ ಮನಿ ಬಿಟ್ಟು ಕಳಸ್ತಾರೇನೊ?"

ಹೌದಲ್ಲ! ಕಾಗದಗಳು ಅಲ್ಲಿಯೇ ಉಳಿದವು. ಗಿರಣಿ ಮಾತ್ರ ಗುಡುಗುಡು ಶುರುವಾಯಿತು. ಎರಡು ತಿಂಗಳಿಗೆ ಎಂಜಿನ್ ಒಡೆದು ಗಿರಣಿ ನಿಂತಿತು, ಹಣ ಬಾರದೆ ವ್ಯಾಪಾರಿ ದಾವೆ ಹೂಡಿದ.

ಬಿಜಾಪುರದ ಕೋರ್ಟಿನಲ್ಲಿ ಮಾವ ಎದೆ ಸೆಟೆಸಿ ನಿಂತ. ಜಡ್ಜ್ ಸಾಹೇಬರ ಮುಂದೆ ನನಗಾದರೆ ನಾಲಗೆಯೇ ಏಳುತ್ತಿರಲಿಲ್ಲ.

"ಸಾಲ ನಂದಲ್ರಿ ಸಾಹೇಬ್ರ, ಕಂಪನೀದು."

"ಎಲ್ಲಿದೆ ನಿಮ್ಮ ಕಂಪನಿ?"

"ನಮ್ಮ ಮನ್ಯಾಗ ಐತ್ರಿ, ದೇವರ ಜಗಲಿ ಮ್ಯಾಲ!"

ಕೋರ್ಟಿಗೆ ಕೋರ್ಟೇ ನಕ್ಕಿತು. ಸಾಹೇಬರು ನಗಲಿಲ್ಲ. ನೋಂದಣಿಯಾಗದ ಕಂಪನಿ ಕಂಪನಿಯೇ ಅಲ್ಲ, ಅದರ ಹೆಸರಿನಲ್ಲಿ ಸಹಿ ಮಾಡಿದ ಇಬ್ಬರೂ ತಮ್ಮ ಆಸ್ತಿಯಿಂದಲೇ ಸಾಲ ತೀರಿಸಬೇಕೆಂದರು. ಅಪ್ಪನ ಹತ್ತಿರ ಇದ್ದ ಆಸ್ತಿ ಎಂದರೆ ನಾವು ವಾಸವಿದ್ದ ಮನೆಯೊಂದೇ.

ಮನೆ ಜಪ್ತಿಗೆ ಇಂದು ಬರುತ್ತಾರೆ, ನಾಳೆ ಬರುತ್ತಾರೆ ಎಂದು ಅವ್ವ ಪಾತ್ರೆ ಪಗಡ ಕಟ್ಟಿಟ್ಟಿದ್ದಳು. ಬಂದವನು ಮಾವ. ಯಂಕಂಚಿಯ ತನ್ನ ಎರೆಹೊಲ ಪೂರ್ತಿ ಮಾರಿ, ಅಪ್ಪನ ಪಾಲಿನದನ್ನೂ ಸೇರಿಸಿ ಸಾಲವೆಲ್ಲ ತೀರಿಸಿ ಬಂದಿದ್ದ.

"ತಮ್ಮಾ, ಇದ್ದದ್ದೊಂದ ಹೊಲ! ನಾಳೆ ಏನ್ ಉಣ್ತಿ?" ಎಂದು ಅವ್ವ ಅಳತೊಡಗಿದಳು.

"ಸಹಿ ಮಾಡ್ರಿ ಅಂದಾಂವ ನಾನು, ಅಕ್ಕಾ. ನಿನ್ನ ಮನಿ ಹೋದ ಮ್ಯಾಲ ತವರಿನಾಂವ ಅಂತ ಯಾವ ಮಕ ಹೊತ್ಕೊಂಡು ಬರ್ಲಿ?"

ಅಪ್ಪ ಊಟಕ್ಕೆ ಕುಳಿತಿದ್ದರು. ಮಾವನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು, ತಮ್ಮ ತಾಟನ್ನು ಇಬ್ಬರ ನಡುವೆ ಸರಿಸಿದರು. ಆ ರಾತ್ರಿ ಇಬ್ಬರೂ ಒಂದೇ ತಾಟಿನಲ್ಲಿ ಉಂಡರು.