ಮುಖ ಉಜ್ಜುವವಳ ಮುಖ

ಬೇರೆಯವರ ಮುಖ ಬೆಳಗಲು ಹೊರಟವಳ ಮುಖ ಬಾಡಿಸುವಂಥ ಪ್ರಸಂಗಗಳು ನನ್ನ ಅಂಗಡಿಯಲ್ಲಿ ನಡೆಯುತ್ತಲೇ ಇರುತ್ತವೆ. ಅಂಗಡಿ ಇರುವುದು ಹಿಂದೂಪುರದಲ್ಲಿ, ಹುಣಸೆ ಮಂಡಿಯ ಹಿಂದಿನ ಗಲ್ಲಿಯಲ್ಲಿ. ಬೋರ್ಡಿನ ಮೇಲೆ ಮೈಕ್ರೋಡರ್ಮಾಬ್ರೇಷನ್ ಎಂದು ಬರೆಸಿದ್ದೇನೆ. ಅದನ್ನು ಪೂರ್ತಿ ಓದಿದವರನ್ನು ನಾನಿನ್ನೂ ಕಂಡಿಲ್ಲ, ಎಲ್ಲರೂ ಮಕ ಉಜ್ಜೋ ಮಿಷನ್ನು ಅನ್ನುತ್ತಾರೆ. ತಪ್ಪೂ ಅಲ್ಲ. ಪೆನ್ನಿನಂಥ ಕಡ್ಡಿಯ ತುದಿ ಮುಖದ ಮೇಲಿನ ಸತ್ತ ಚರ್ಮವನ್ನು ಉಜ್ಜುತ್ತದೆ, ಕೊಳವೆ ಅದನ್ನು ಹೀರಿಕೊಳ್ಳುತ್ತದೆ, ಅಷ್ಟೇ.

ತೊಂದರೆ ಇರುವುದು ನನ್ನ ಮುಖದಲ್ಲಿ. ಎರಡನೇ ಹೆರಿಗೆಯಾದ ಮೇಲೆ ಎರಡೂ ಕೆನ್ನೆಗೆ ಕಪ್ಪಗೆ ಬಂಗು ಬಂದು ಕೂತಿದೆ. ಈ ಮಿಷನ್ನಿಗೆ ಅದು ಜಗ್ಗುವುದಿಲ್ಲ. ಅದನ್ನು ಕಂಡ ಗಿರಾಕಿ ಬಾಗಿಲಿಂದಲೇ ವಾಪಸ್ಸು, ಅದಕ್ಕೇ ನಾನು ಮಾಸ್ಕ್ ಬಿಚ್ಚುವುದಿಲ್ಲ. ಯುಗಾದಿಯೊಳಗೆ ಅಂಗಡಿಯ ವ್ಯಾಪಾರ ಕುದುರದಿದ್ದರೆ ಬಾಗಿಲು ಹಾಕಿ ಗಾರ್ಮೆಂಟ್ಸ್ ಬಸ್ಸು ಹತ್ತು ಎಂದು ನನ್ನ ಗಂಡ ಹೇಳಿಬಿಟ್ಟಿದ್ದಾನೆ. ಆ ಬಸ್ಸು ದಿನಾ ಬೆಳಿಗ್ಗೆ ನಮ್ಮ ಗಲ್ಲಿಯ ತುದಿಯಲ್ಲೇ ಹಾರ್ನ್ ಹೊಡೆಯುತ್ತದೆ. ಕೇಳಿದಾಗಲೆಲ್ಲ ಯುಗಾದಿಗೆ ಇನ್ನೆಷ್ಟು ದಿನ ಎಂದು ಎಣಿಸುತ್ತೇನೆ.

ಪೊಟ್ಟಣ

ಕಲ್ಯಾಣದುರ್ಗದಿಂದ ಒಬ್ಬ ತಾಯಿ ಮಗಳನ್ನು ಕರೆತಂದಳು. ಗಂಡಿನ ಕಡೆಯವರು ನೋಡಲು ಬರುವವರಿದ್ದರು. ಕೆಲಸ ಮುಗಿದ ಮೇಲೆ ಕೊಳವೆಯೊಳಗಿನ ಹತ್ತಿಯ ಬಿಲ್ಲೆ ತೆಗೆದು, ಇಷ್ಟು ಸತ್ತ ಚರ್ಮ ಬಂತು ನೋಡಿ ಎಂದು ತೋರಿಸುವುದು ನಮ್ಮ ರೂಢಿ. ಎಲ್ಲರಿಗೂ ಅದನ್ನು ನೋಡಿದರೆ ಸಮಾಧಾನ. ಈ ತಾಯಿ ಬೆಚ್ಚಿಬಿದ್ದಳು. ಉಗುರು, ಕೂದಲನ್ನೇ ಕಂಡವರ ಮನೆಯಲ್ಲಿ ಬಿಡಬಾರದು, ಮಾಟ ಮಾಡುವವರ ಕೈಗೆ ಮುಖದ ಚರ್ಮವೇ ಸಿಕ್ಕರೆ ಮಗಳ ಗತಿಯೇನು ಎಂದಳು. ಕಾಗದದಲ್ಲಿ ಕಟ್ಟಿಕೊಟ್ಟೆ.

ಸಂಜೆ ಅಳುತ್ತಾ ಫೋನ್ ಮಾಡಿದಳು. ಪೊಟ್ಟಣವನ್ನು ಬಸ್ಸಿನಲ್ಲೇ ಮರೆತು ಇಳಿದುಬಿಟ್ಟಿದ್ದಳು. ಡಿಪೋಗೆ ಓಡಿದರೆ ಅಲ್ಲಿದ್ದವನು, "ಏಂ ಪೋಯಿಂದಮ್ಮಾ?" ಎಂದನಂತೆ. ಏನು ಕಳೆಯಿತು ಎಂದು ಕೇಳಿದ್ದಕ್ಕೆ ಈಕೆ ಇದ್ದದ್ದು ಇದ್ದ ಹಾಗೆ, ಮಗಳ ಮುಖದ ಚರ್ಮ ಎಂದಿದ್ದಾಳೆ. ಅವನು ಗಾಬರಿಯಾಗಿ ಆಂಬುಲೆನ್ಸ್ ಕರೆಸಿದನಂತೆ. ಅದು ಬಂದಾಗ ಮಗಳು ಪಕ್ಕದಲ್ಲೇ ನಿಂತು ಸುಟ್ಟ ಜೋಳ ತಿನ್ನುತ್ತಿದ್ದಳಂತೆ.

ಒಪ್ಪಿಕೊಂಡದ್ದು

ನಿಶ್ಚಿತಾರ್ಥದ ಹಿಂದಿನ ದಿನ ಒಬ್ಬ ಮದುವೆ ಗಂಡು ಬಂದ. ಉಜ್ಜಿದ ಮೇಲೆ ಮುಖ ಒಂದೆರಡು ದಿನ ಕೆಂಪಗಿರುತ್ತದೆ, ಬಿಸಿಲಿಗೆ ಹೋಗಬೇಡ ಎಂದು ಸಾರಿ ಹೇಳಿದೆ. ಅವನು ಮಟಮಟ ಮಧ್ಯಾಹ್ನ ಬೈಕಿನಲ್ಲಿ ನೆಂಟರನ್ನು ಕರೆಯಲು ಹೋದ. ಮಾರನೆಯ ದಿನ ಆ ಕೆಂಪು ಮುಖ ನೋಡಿ ಹುಡುಗಿಯ ತಂದೆ, ಕುಡಿದು ಬಂದಿದ್ದಾನೆ ಎಂದು ತಾಂಬೂಲದ ತಟ್ಟೆಯನ್ನೇ ಮುಟ್ಟಲಿಲ್ಲವಂತೆ.

ವಾರವಾದ ಮೇಲೆ ಹುಡುಗ ಬಂದ. ಬೈಯುತ್ತಾನೆ ಎಂದು ನಾನು ಮುದುರಿಕೊಂಡು ಕೂತೆ. ಅವನು ಸ್ವೀಟ್ ಡಬ್ಬಿ ಕೈಗಿಟ್ಟ.

"ಹೌದು, ಕುಡಿದಿದ್ದೆ, ಇನ್ಮುಂದೆ ಮುಟ್ಟಲ್ಲ ಅಂತ ಒಪ್ಕಂಬುಟ್ಟೆ ಅಕ್ಕ, ಮದ್ವೆ ಗೊತ್ತಾಯ್ತು," ಎಂದ. "ಮಕ ಉಜ್ಜಿಸ್ಕಂಡೆ ಅಂದಿದ್ರೆ ಹೆಣ್ಣು ಕೊಡ್ತಿರ್ಲಿಲ್ಲ."

ಇದ್ದ ಒಬ್ಬ ಗಂಡು ಗಿರಾಕಿ ನನ್ನ ಅಂಗಡಿಗಿಂತ ಹೆಂಡದಂಗಡಿಯೇ ಮರ್ಯಾದಸ್ಥ ಜಾಗ ಎಂದು ಸಾಬೀತು ಮಾಡಿ ಹೋದ.

ನೋಡಲು ಬಂದವರು

ಯುಗಾದಿ ಹತ್ತಿರ ಬಂತು. ಅಂಗಡಿ ಖಾಲಿ ಹೊಡೆಯುತ್ತಿತ್ತು. ಆಗ ಸೆಟ್ಟೂರಿನ ಕಡೆಯಿಂದ ಒಬ್ಬ ಹೆಂಗಸು ಬಂದಳು. ಸೆರಗು ಸರಿಸಿದರೆ ಕೆನ್ನೆಯ ತುಂಬ ಬಂಗು, ನನ್ನದರ ಹಾಗೇ. ಮನಸ್ಸು ಕಪ್ಪಿದ್ದವರ ಮುಖಕ್ಕೇ ಅದು ಹತ್ತುವುದು ಎಂದು ಅತ್ತೆ ಊರೆಲ್ಲ ಹೇಳಿಕೊಂಡು ತಿರುಗುತ್ತಾಳಂತೆ. ಹೇಳುತ್ತಾ ಹೇಳುತ್ತಾ ಅತ್ತಳು.

ಬಂದ ಲಕ್ಷ್ಮಿಯನ್ನು ಒದೆಯಬಾರದು ಅನ್ನುತ್ತಾರೆ. ಆದರೆ ಅವಳ ಮುಖ ನೋಡಿ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಇದರಿಂದ ಹೋಗುವುದಿಲ್ಲ ಕಣಮ್ಮ ಎಂದೆ. ಬಡವಳೆಂದು ಸಾಗಹಾಕುತ್ತಿದ್ದೀಯ ಎಂದು ಅವಳು ಇನ್ನೂ ಅತ್ತಳು. ಬೇರೆ ದಾರಿ ಕಾಣದೆ ಮಾಸ್ಕ್ ಬಿಚ್ಚಿದೆ.

ಅವಳು ನನ್ನ ಕೆನ್ನೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ನಿಂಗೂ ಐತಾ? ಮಿಷನ್ ಮಡಿಕ್ಕಂಡಿರೋಳ್ಗೇ ಐತಾ?" ಎಂದವಳೇ ನಗಲು ಶುರುಮಾಡಿದಳು. ಕಣ್ಣು ಒರೆಸಿಕೊಂಡು, ಏನೂ ಮಾಡಿಸಿಕೊಳ್ಳದೆ ಹೋದಳು. ಅಲ್ಲಿಗೆ ನನ್ನ ಅಂಗಡಿಯ ಕಥೆ ಮುಗಿಯಿತು ಎಂದುಕೊಂಡೆ.

ಎರಡು ದಿನ ಬಿಟ್ಟು, ಗಾರ್ಮೆಂಟ್ಸ್ ಬಸ್ಸು ಹಾರ್ನ್ ಹೊಡೆದು ಹೋದ ಸ್ವಲ್ಪ ಹೊತ್ತಿಗೆ, ಅವಳು ಮತ್ತೆ ಬಂದಳು. ಜೊತೆಗೆ ನಾಲ್ವರು ಹೆಂಗಸರು. ನಾನು ಆಸೆಯಿಂದ ಓಡಿ ಮಿಷನ್ ಆನ್ ಮಾಡಿ, ಕುರ್ಚಿ ಒರೆಸಿದೆ. ಯಾರೂ ಕೂರಲಿಲ್ಲ. ಅವರಿಗೂ ಬಂಗು ಇತ್ತು, ಅವರು ಬಂದದ್ದು ನನ್ನ ಮುಖ ನೋಡಲು. ಸರದಿಯ ಮೇಲೆ ನೋಡಿದರು. ಒಬ್ಬಳು ಫೋಟೋ ಹಿಡಿದಳು. ಎಲ್ಲರಿಗೂ ಎಷ್ಟು ಹಗುರವಾಯಿತೆಂದರೆ ಚಹಾ ಅವರೇ ತರಿಸಿ ನನಗೂ ಕುಡಿಸಿದರು.

ಹೊರಡುವಾಗ ಸೆಟ್ಟೂರಿನವಳು ನನ್ನ ಕೈ ಹಿಡಿದುಕೊಂಡಳು.

"ನಿನ್ ಬಂಗು ಹೋಗೋ ಹಂಗೇನಾದ್ರೂ ಇದ್ರೆ ಮೊದ್ಲೇ ಹೇಳ್ಬುಡು ಕಣಮ್ಮ. ಅಷ್ಟರೊಳಗೆ ನಮ್ಮತ್ತೇನ ಕರ್ಕಂಡ್ ಬಂದು ನಿನ್ ಮಕ ತೋರಿಸ್ತೀನಿ."