ಐದನೆಯ ಕಡುಬು

ಈ ಲೋಕದಲ್ಲಿ ಫೋಟೋ ತೆಗೆಸಿಕೊಳ್ಳುವುದಕ್ಕೆಂದು ಹುಟ್ಟದೇ ಇರುವ ವಸ್ತುಗಳು ಎರಡು: ಒಂದು ನಮ್ಮ ಕಡೆಯ ಕಡುಬು, ಇನ್ನೊಂದು ನಾನು. ನನ್ನ ವಿಷಯ ಹಾಗಿರಲಿ, ಕಡುಬಿನ ಗೋಳು ಕೇಳಿ. ಅಕ್ಕಿ ತರಿಯನ್ನು ಕುದಿಸಿ, ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಿದರೆ ಅದು ಕಡುಬು. ಬಾಯಿಗಿಟ್ಟರೆ ಸ್ವರ್ಗ, ಕ್ಯಾಮೆರಾದ ಮುಂದಿಟ್ಟರೆ ಬರೀ ಬಿಳಿ ಉಂಡೆ. ಮೂಡಿಗೆರೆ ಕಡೆಯ ಬಣಕಲ್ಲಿನ ಹೆದ್ದಾರಿ ಬದಿಯಲ್ಲಿ ನನ್ನ ಹೆಂಡತಿ ಸುಮಿತ್ರ ಇದನ್ನೇ ನಂಬಿ ಸಣ್ಣದೊಂದು ಹೋಟೆಲು ನಡೆಸುತ್ತಿದ್ದಾಳೆ. ನಾನು ಅಲ್ಲಿ ನೀರು ಕೊಡುತ್ತೇನೆ, ಬಾಳೆಎಲೆ ಒರೆಸುತ್ತೇನೆ, ಸಲಹೆಯನ್ನೂ ಕೊಡುತ್ತೇನೆ. ಮೊದಲಿನ ಎರಡಕ್ಕೆ ಮಾತ್ರ ಅಲ್ಲಿ ಬೇಡಿಕೆ.

ಅದಕ್ಕೂ ಮೊದಲು ನಾನು ಇಪ್ಪತ್ತು ವರ್ಷ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಹೊರಗಿನವರು ಇದನ್ನು ಕೇಳಿ "ಯಾವ ಕಾದಂಬರಿ ಬರೆದಿದ್ದೀರಿ?" ಎನ್ನುತ್ತಾರೆ. ಎಸ್ಟೇಟಿನ ರೈಟರ್ ಬರೆಯುವುದು ಆಳುಗಳ ಹಾಜರಿ. ಬಾರದ ಆಳಿಗೆ ಒಂದು ದಿನವೂ ಹಾಜರಿ ಹಾಕಿದವನಲ್ಲ ಎಂಬುದೊಂದೇ ನನ್ನ ಜೀವನದ ಹೆಮ್ಮೆ. ಆ ಹೆಮ್ಮೆಗೂ ಈ ವರ್ಷ ಕಲ್ಲು ಬಿತ್ತು.

ಆದದ್ದಿಷ್ಟು. ಗುಡ್ಡದ ಮೇಲೆ ಹೊಸದಾಗಿ ಹೋಂಸ್ಟೇ ತೆರೆದ ಮೇಡಂ ಒಬ್ಬರು, ಮಂಡ್ಯದ ಕಡೆಯವರು, ಪ್ರತಿ ಭಾನುವಾರ ತಮ್ಮ ಅತಿಥಿಗಳ ತಿಂಡಿಗೆ ನಮ್ಮಲ್ಲಿಂದಲೇ ಕಡುಬು ತರಿಸುತ್ತೇನೆ ಎಂದು ಫೋನು ಮಾಡಿದರು. "ಒಂದು ಒಳ್ಳೆ ಫೋಟೋ ಕಳ್ಸಿ, ಗೆಸ್ಟ್‌ಗಳಿಗೆ ತೋರಿಸ್ಬೇಕು" ಎಂದರು. ಮಳೆ ಹಿಡಿದರೆ ನಮ್ಮ ಹೆದ್ದಾರಿಯಲ್ಲಿ ವಾಹನಗಳೇ ಇರುವುದಿಲ್ಲ. ಕೆಲವು ದಿನ ಒಲೆ ಹಚ್ಚಿ, ಬೈದುಕೊಂಡು, ಆರಿಸುವುದೇ ಆಗುತ್ತದೆ. ಈ ಆರ್ಡರ್ ಸಿಕ್ಕರೆ ಮಳೆಗಾಲವೂ ಹೋಟೆಲು ಮುಚ್ಚಬೇಕಿಲ್ಲ ಎಂದು ಸುಮಿತ್ರ ಜೀವ ಕೈಯಲ್ಲಿ ಹಿಡಿದು ಕಾಯುತ್ತಿದ್ದಳು. ದೊಡ್ಡ ಪಾತ್ರೆಯೊಂದನ್ನು ಆಗಲೇ ತಂದೂ ಆಗಿತ್ತು. ಫೋಟೋದ ಹೊಣೆ ಮಾತ್ರ ನನ್ನದು.

ಮೂರು ದಿನ ಒದ್ದಾಡಿದೆ ಮಾರಾಯ್ರೆ! ಬಿಸಿ ಕಡುಬಿನ ಹತ್ತಿರ ಹೋದರೆ ಹಬೆ ಹೊಡೆದು ಫೋನು ಕುರುಡಾಗುತ್ತದೆ. ಆರಿದ ಮೇಲೆ ತೆಗೆದರೆ ಕಡುಬು ಬಿರುಕು ಬಿಟ್ಟು ವಯಸ್ಸಾದಂತೆ ಕಾಣುತ್ತದೆ. ಹೊರಗೆ ಬೆಳಕಿದೆಯೆಂದು ಟಾರ್ಪಾಲಿನ ಕೆಳಗೆ ಇಟ್ಟರೆ ಟಾರ್ಪಾಲು ನೀಲಿ, ಕಡುಬೂ ನೀಲಿ. ಪಕ್ಕದ ಗ್ಯಾರೇಜಿನ ರಫೀಕ್ ಫೋನಿನೊಳಗೆ ಇಣುಕಿ, "ಇದೆಂತ ಮಾರಾಯ್ರೆ, ಬೇರಿಂಗಿನ ಗುಂಡಾ? ಯಾವ ಲಾರಿದು?" ಎಂದು ಕೇಳಿದ. ಆ ಕ್ಷಣವೇ ನಾನು ಎಐಗೆ ಶರಣಾದದ್ದು.

ಫೋನಿನಲ್ಲಿ "ಕಡುಬು" ಎಂದು ಬರೆದೆ. ಅರ್ಧಚಂದ್ರದ ಆಕಾರದ, ಎಣ್ಣೆಯಲ್ಲಿ ಕರಿದ ಬಯಲುಸೀಮೆಯ ಸಿಹಿ ಕಡುಬು ಬಂತು. ಆ ಕಡೆ ಕಡುಬು ಎಂದರೆ ಹೂರಣ ತುಂಬಿದ ಸಿಹಿ, ನಮ್ಮ ಕಡೆ ಕಡುಬು ಎಂದರೆ ಬೆಳಗಿನ ತಿಂಡಿ; ಈ ಭೇದ ಆ ಯಂತ್ರಕ್ಕೆ ಯಾರು ಹೇಳಬೇಕು? "ದುಂಡಗಿನ ಬಿಳಿ ಕಡುಬು, ಮೂಡಿಗೆರೆ ಗುಡ್ಡ" ಎಂದು ತಿದ್ದಿದೆ. ಈಗ ಬಂದದ್ದು ನೋಡಿ: ನಾಲ್ಕು ಉಂಡೆ, ಮೇಲೆ ಕೇಸರಿ ದಳ, ಬಾದಾಮಿ ಚೂರು, ಹಿಂದುಗಡೆ ಹಿಮ ಹೊದ್ದ ಪರ್ವತ! ಒಂದು ಉಂಡೆ ಒಡೆದು ಅದರೊಳಗಿಂದ ಹೊಂಬಣ್ಣದ್ದೇನೋ ಒಸರುತ್ತಿತ್ತು. ಬೆಣ್ಣೆ ಇರಬಹುದು ಎಂದು ಸಮಾಧಾನ ಮಾಡಿಕೊಂಡೆ. ಚೆನ್ನಾಗಿತ್ತು, ಅದೇ ಬಂದ ತೊಂದರೆ. ಮೇಡಂಗೆ ಕಳಿಸಿದೆ, ಫ್ಲೆಕ್ಸೂ ಮಾಡಿಸಿದೆ. ಮೂಲೆಯಲ್ಲಿ ಮಾಲೀಕರೆಂದು ನನ್ನದೊಂದು ಫೋಟೋ. ಕೊಂಚ ಬೆಳಕು ಹೆಚ್ಚಿಸು ಎಂದದ್ದಕ್ಕೆ ಎಐ ತಾನಾಗಿಯೇ ನನ್ನ ಬೋಳು ತಲೆಗೆ ದಟ್ಟ ಕಪ್ಪು ಕೂದಲು ಕೊಟ್ಟಿತು. ಬೇಡ ಎನ್ನುವುದಕ್ಕೆ ನನಗೆ ಬಾಯಿ ಬರಲಿಲ್ಲ.

ಶನಿವಾರ ಸಂಜೆ ಫ್ಲೆಕ್ಸು ಕಟ್ಟಿದೆ. ಭಾನುವಾರ ಬೆಳಿಗ್ಗೆ ಮೇಡಂ ಜೀಪಿನಲ್ಲಿ ಬಂದಿಳಿದರು. "ಮಾಲೀಕರನ್ನ ಕರೀರಿ" ಎಂದರು. ನಾನೇ ಎಂದೆ. ಅವರು ಫ್ಲೆಕ್ಸು ನೋಡಿದರು, ನನ್ನನ್ನು ನೋಡಿದರು. "ಅದ್ರಲ್ಲಿರೋದು ನಿಮ್ಮ ಮಗನಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಅವರಿಗೆಂದು ತುಂಬಿಟ್ಟಿದ್ದ ಡಬ್ಬಿ ತೆರೆದು ಕಡುಬು ಮುರಿದರು. ಮುಖ ಕಪ್ಪಿಟ್ಟಿತು.

"ಏನ್ರೀ ಇದು? ಇದ್ರೊಳಗೆ ಹೂರಣನೇ ಇಲ್ವಲ್ಲ! ಅತಿಥಿಗಳ ಮನೆ ಮಗೂದು ಹುಟ್ಟಿದಬ್ಬ, ಸಿಹಿ ಕಡುಬು ಬತ್ತದೆ ಅಂತ ಎಲ್ರಿಗೂ ಹೇಳ್ಬಿಟ್ಟಿದೀನಿ. ಬೇಡ, ಬುಡಿ."

ಸುಮಿತ್ರ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು. "ಕಡುಬಿನೊಳಗೆ ಹೂರಣ ಎಂತಕ್ಕೆ? ಕಡುಬಿನೊಳಗೆ ಕಡುಬೇ ಇರೋದು" ಎಂದಳು. ಮೇಡಂ ಬೆರಳು ತೋರಿಸಿದ ಕಡೆ ತಿರುಗಿ, ಮೊದಲ ಬಾರಿಗೆ ಆ ಫ್ಲೆಕ್ಸು ನೋಡಿದಳು. ಹಿಮಾಲಯ ನೋಡಿದಳು. ಬಾದಾಮಿ ನೋಡಿದಳು. ಕೊನೆಗೆ ಮೂಲೆಗೆ ಬಂದಳು.

"ರೀ, ಬಾರದ ಆಳಿಗೆ ಹಾಜರಿ ಹಾಕಿದವ್ರಲ್ಲ ನೀವು. ಇಲ್ಲದ ಕೂದಲಿಗೆ ಹಾಕಿದ್ರಲ್ಲ!"

ಅವಳ ಕಣ್ಣು ತುಂಬಿತ್ತು. ಬೈದರೆ ತಡೆದುಕೊಳ್ಳಬಹುದು, ಇದನ್ನು ತಡೆಯಲಾಗಲಿಲ್ಲ. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಅವಳು ಮಾತ್ರ ಅಲ್ಲಿಗೇ ಬಿಡಲಿಲ್ಲ. "ಕೂತ್ಕೊಳ್ಳಿ ಅಕ್ಕ, ಬೇಡ ಅಂತ ಆಮೇಲೆ ಹೇಳಿ" ಎಂದು ಮೇಡಂ ಮುಂದೆ ಎಲೆ ಹಾಸಿ, ಬಿಸಿ ಕಡುಬು ಮುರಿದು, ಬೆಣ್ಣೆ ಇಟ್ಟು, ಜೋನಿ ಬೆಲ್ಲ ಸುರಿದಳು. ಮೇಡಂ ಬಿಗುಮಾನದಿಂದಲೇ ಒಂದು ತಿಂದರು. ಎರಡನೆಯದಕ್ಕೆ ಬಿಗುಮಾನ ಇರಲಿಲ್ಲ. ಮೂರನೆಯದನ್ನು ಅವರೇ ಕೇಳಿದರು. "ಈ ಬೆಲ್ಲನೂ ಡಬ್ಬಿಗಾಕಿ. ಮುಂದಿನ್ ವಾರನೂ ಬತ್ತೀನಿ. ಅಷ್ಟರೊಳಗೆ ಆ ಸುಳ್ಳು ಬೋರ್ಡು ಇಳಿಸಿರ್ಬೇಕು" ಎಂದವರು, ಏನನ್ನಿಸಿತೋ, ಫೋನು ತೆಗೆದು ದೂರದಿಂದಲೇ ಒಂದು ಫೋಟೋ ಹೊಡೆದರು. ಅಷ್ಟು ದೂರ ನಿಂತರೆ ಹಬೆ ಹೊಡೆಯುವುದಿಲ್ಲ ಎಂಬುದು ಮೂರು ದಿನದಲ್ಲಿ ನನಗೆ ಹೊಳೆದಿರಲಿಲ್ಲ.

ಈಗ ಹೋಟೆಲಿನ ಮುಂದಿರುವುದು ಅದೇ ಫೋಟೋ. ಸುಮಿತ್ರ ಪಾತ್ರೆಯ ಮುಚ್ಚಳ ಎತ್ತಿದ್ದಾಳೆ, ಎಲೆಯ ಮೇಲೆ ನಾಲ್ಕು ಕಡುಬು, ಸುತ್ತ ಹಬೆ. ಹಿಂದೆ ನಾನು ಬಗ್ಗಿ ಎಲೆ ಒರೆಸುತ್ತಿದ್ದೇನೆ. ಮುಖ ಕಾಣುವುದಿಲ್ಲ. ಎಲ್ಲವೂ ಅಪ್ಪಟ ಸತ್ಯ, ದೂರುವುದಕ್ಕೆ ಏನೂ ಇಲ್ಲ ಎಂದುಕೊಂಡಿದ್ದೆ.

ಮೊನ್ನೆ ಬಸ್ಸಿಳಿದು ಬಂದ ಗಿರಾಕಿಯೊಬ್ಬರು ಎಲೆ ನೋಡಿ ತಕರಾರು ತೆಗೆದರು. "ಅಮ್ಮ, ಬೋರ್ಡಲ್ಲಿ ಐದು ಕಡುಬಿದೆ, ಕೊಟ್ಟಿದ್ದು ನಾಲ್ಕೇ!"

ಸುಮಿತ್ರ ಹೊರಗೆ ಹೋಗಿ ನಿಧಾನವಾಗಿ ಎಣಿಸಿ ಬಂದಳು. "ಐದನೇದು ತಿನ್ನೋದಲ್ಲ, ಅದು ನಮ್ಮನೆಯವ್ರ ತಲೆ" ಎಂದಳು.

ಫೋಟೋದಿಂದ ಆ ತಲೆಯನ್ನು ಅಳಿಸಿಬಿಡೋಣ ಎಂದು ಫೋನು ಕೈಗೆತ್ತಿಕೊಂಡೆ, ಮತ್ತೆ ಕೆಳಗಿಟ್ಟೆ. ಬಿದ್ದ ಹಾಜರಿಯನ್ನು ಅಳಿಸುವುದು ರೈಟರ್ ಆದವನ ಲಕ್ಷಣವಲ್ಲ.